ಫಾರಂನಲ್ಲಿ ಇಲ್ಲದ ಉಪ್ಪು

ಎಮಿಲ್ ಹ್ಲಾವಾಟಿ ನಮ್ಮೂರ ಕೊಳಚೆ ನೀರಿನ ಶುದ್ಧೀಕರಣ ಘಟಕವನ್ನು ಇಪ್ಪತ್ತಾರು ವರ್ಷ ನಡೆಸಿದ. ಅಷ್ಟು ವರ್ಷಗಳಲ್ಲಿ ಸರ್ಕಾರ ಅವನ ಹೆಸರಿನ ಮುಂದೆ ಬರೆದಿಟ್ಟ ತಪ್ಪು ಒಂದೇ: ನಿಜ ಬರೆದದ್ದು. ನಾನು ಅಲ್ಲಿನ ಪ್ರಯೋಗಾಲಯದಲ್ಲಿದ್ದವಳು. ಎಲ್ಲವೂ ನನ್ನ ಕಣ್ಣೆದುರೇ ನಡೆಯಿತು.

ಬೆಳಿಗ್ಗೆ ಬಂದವನೇ ಕಾಫಿಗೂ ಮೊದಲು ತೊಟ್ಟಿಯ ಒಂದು ಹನಿ ನೀರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವನ ರೂಢಿ. ಕೊಳೆ ತಿನ್ನುವ ಸಣ್ಣ ಜೀವಿಗಳಿಗೆ ನಾವೆಲ್ಲ ಹುಳ ಎನ್ನುತ್ತಿದ್ದೆವು. "ಕೊಳೆ ತಿನ್ನೋರು ಅವ್ರು, ಸಂಬಳ ತಿನ್ನೋರು ನಾವು," ಎಂದು ನಗುತ್ತಿದ್ದ.

ಪೆನ್ಸಿಲ್ವೇನಿಯಾದ ನಮ್ಮ ಗುಡ್ಡಗಳಲ್ಲಿ ಬಂಡೆ ಸೀಳಿ ಅನಿಲ ತೆಗೆಯಲು ಶುರುವಾದ ವರ್ಷ ಲಾರಿಗಳು ಬಂದವು. ಅನಿಲದ ಬಾವಿಗಳೊಳಗೆ ಒತ್ತಿ ವಾಪಸು ಬಂದ ನೀರನ್ನು ತಂದು ನಮ್ಮ ತೊಟ್ಟಿಗೆ ಸುರಿದವು. ಅದು ಸಮುದ್ರಕ್ಕಿಂತ ಉಪ್ಪು. ಮೂರನೇ ವಾರಕ್ಕೆ ಎಮಿಲ್ ನನ್ನನ್ನು ಕರೆದ. "ನೋಡು ಬಾ, ಲೊರೇನ್. ಅರ್ಧಕ್ಕರ್ಧ ಹುಳ ಅಲ್ಲಾಡ್ತಾನೇ ಇಲ್ಲ."

ತಿಂಗಳಿಗೊಮ್ಮೆ ಸರ್ಕಾರಕ್ಕೆ ಫಾರಂ ತುಂಬಿ ಕಳಿಸಬೇಕಿತ್ತು. ಅದರಲ್ಲಿ ಕೊಳೆಗೆ ಕಾಲಂ ಇತ್ತು, ಉಪ್ಪಿಗೆ ಇರಲಿಲ್ಲ. ಫಾರಂ ಮಾಡಿದ ಪುಣ್ಯಾತ್ಮರಿಗೆ ಲಾರಿಗಳ ಕನಸೂ ಬಿದ್ದಿರಲಿಲ್ಲವೇನೋ. ಎಮಿಲ್ ಸ್ಕೇಲು ಇಟ್ಟು ಬಲಗಡೆ ಒಂದು ಗೆರೆ ಎಳೆದ. ಮೇಲೆ 'ಉಪ್ಪು' ಎಂದು ಬರೆದು, ನಾನು ಅಳೆದುಕೊಟ್ಟ ಅಂಕಿಗಳನ್ನು ತುಂಬಿದ. ಏಳು ತಿಂಗಳು ಹಾಗೇ ಕಳಿಸಿದ.

ಏಳೂ ಒಟ್ಟಿಗೆ ವಾಪಸು ಬಂದವು. ಜೊತೆಗೊಂದು ಪತ್ರ: ಅಧಿಕೃತ ನಮೂನೆಯನ್ನು ತಿದ್ದಿದ್ದು ನಿಯಮದ ಉಲ್ಲಂಘನೆ ಎಂದು ಎಮಿಲ್ ಹೆಸರಿನ ಮುಂದೆ ದಾಖಲಾಗಿದೆ, ಸರಿಯಾದ ಪ್ರತಿ ಕಳಿಸದಿದ್ದರೆ ಅವನ ಲೈಸೆನ್ಸ್ ರದ್ದು.

ನಮ್ಮ ಮ್ಯಾನೇಜರ್ ಗ್ಲೆನ್ ಕಾಗದ ಬೀಸುತ್ತಾ ಬಂದ. "ಫಾರಂ ಏನು ನಿಮ್ಮಪ್ಪನ ಮನೆ ಗೋಡೆನಾ, ಕೈಗೆ ಬಂದಂಗೆ ಗೆರೆ ಎಳಿಯೋಕೆ?"

"ನಮ್ ತೊಟ್ಟಿ ಕೊಳೆ ತೆಗಿಯುತ್ತೆ ಗ್ಲೆನ್, ಉಪ್ಪು ತೆಗಿಯಲ್ಲ. ಬಂದಿದ್ದು ಬಂದಂಗೇ ಹೊಳೆಗೆ ಹೋಗ್ತಿದೆ. ಎಂಟು ಮೈಲಿ ಕೆಳಗೆ ನಮ್ಮಕ್ಕ ಅದನ್ನೇ ಕುಡೀತಾಳೆ."

"ಅವ್ರು ಕೇಳಿದ್ದಕ್ಕೆ ಉತ್ತರ ಕೊಡು. ಕೇಳ್ದೇ ಇರೋದಕ್ಕೆ ಯಾಕಯ್ಯಾ ಬಾಯಿ ಹಾಕ್ತೀಯ?"

ಎಮಿಲ್‌ನ ಪಿಂಚಣಿಗೆ ಎರಡು ವರ್ಷ ಬಾಕಿಯಿತ್ತು. ಅವತ್ತು ಮಧ್ಯಾಹ್ನ ಇಬ್ಬರೂ ಕೂತು, ಉಪ್ಪಿನ ಕಾಲಂ ಇಲ್ಲದೆ, ಏಳು ಹೊಸ ಫಾರಂ ತುಂಬಿದೆವು. ಅಂಕಿ ಬರೆದವಳು ನಾನು, ಸಹಿ ಹಾಕಿದವನು ಅವನು. ಪ್ರತಿ ಸಹಿಗೂ ಪೆನ್ನು ಕೆಳಗಿಟ್ಟು ಮತ್ತೆ ಎತ್ತಿಕೊಂಡ. ಬೇಡ ಅನ್ನುವ ಬದಲು ನಾನು ಮುಂದಿನ ಫಾರಂ ಅವನತ್ತ ಸರಿಸಿದೆ. ಹೇಡಿತನಕ್ಕೆ ಬೇರೆ ಹೆಸರು ಹುಡುಕುವ ಆಸೆ ನನಗಿಲ್ಲ. ಆಮೇಲಿನ ತಿಂಗಳುಗಳಲ್ಲೂ ಹಾಗೇ ಬರೆದೆವು. ಅವನು ಬೆಳಿಗ್ಗೆ ಸೂಕ್ಷ್ಮದರ್ಶಕದ ಬಳಿ ಹೋಗುವುದನ್ನೇ ಬಿಟ್ಟ.

ಕೆಳಗಿನ ಊರಿನವರು ಸುಮ್ಮನಿರಲಿಲ್ಲ. ನಲ್ಲಿ ನೀರು ಉಪ್ಪಾಗಿದೆ, ಕಾಫಿ ಬಾಯಿಗಿಡಲಾಗುತ್ತಿಲ್ಲ ಎಂದು ದೂರು ಕೊಟ್ಟರು. ಮೊದಲ ಸಹಿ ಎಮಿಲ್‌ನ ಅಕ್ಕ ವೇರಾಳದು. ಅವರ ಊರಿನ ಅಗ್ನಿಶಾಮಕ ದಳದ ಹಾಲ್‌ನಲ್ಲಿ ವಿಚಾರಣೆ ನಡೆಯಿತು. ಈಸ್ಟರ್‌ಗೆ ಮುಂಚಿನ, ಮಾಂಸ ಬಿಡುವ ಶುಕ್ರವಾರಗಳಲ್ಲಿ ಅಕ್ಕ ತಮ್ಮ ಜೊತೆಗೆ ಕೂತು ಕರಿದ ಮೀನು ತಿನ್ನುತ್ತಿದ್ದ ಹಾಲ್ ಅದು. ಎಮಿಲ್ ಹಿಂದಿನ ಸಾಲಿನಲ್ಲಿ, ನನ್ನ ಪಕ್ಕ ಕೂತಿದ್ದ.

ಸರ್ಕಾರದ ಅಧಿಕಾರಿ ಫಾರಂಗಳ ಕಟ್ಟು ಎತ್ತಿ ತೋರಿಸಿದ. "ಮೇಲಿನ ಘಟಕದಿಂದ ಯಾವ ದೋಷನೂ ವರದಿಯಾಗಿಲ್ಲ. ಇಪ್ಪತ್ತೈದು ವರ್ಷ ಅನುಭವ ಇರೋ ಎಮಿಲ್ ಹ್ಲಾವಾಟಿಯವರೇ ಸಹಿ ಹಾಕಿದಾರೆ."

ಎಮಿಲ್ ಎದ್ದ. "ಅದಕ್ಕೂ ಮುಂಚೆ ಬೇರೆ ಏಳು ಕಳ್ಸಿದ್ದೆ, ಸ್ವಾಮಿ. ಅದ್ರಲ್ಲಿ ಉಪ್ಪು ಬರೆದಿದ್ದೆ."

"ಅವು ತಿರಸ್ಕೃತವಾದ ಪ್ರತಿಗಳು. ದಾಖಲೆಗೆ ಬರಲ್ಲ."

ವೇರಾ ಕುರ್ಚಿಯಲ್ಲೇ ಹಿಂದೆ ತಿರುಗಿದಳು. "ಇವಕ್ಕೆ ಸಹಿ ಹಾಕಿರೋನು ನೀನೇನೋ?"

"ನಾನೇ, ಅಕ್ಕ."

ದೂರು ಬಿದ್ದುಹೋಯಿತು. ಮುಂದೆ ಬೇರೆ ಊರುಗಳಿಂದಲೂ ದೂರು ಬಂದ ಮೇಲೆ ಲಾರಿಗಳು ನಿಂತವು. ಅವು ನಿಂತ ಮೇಲೆ ಹೊಸ ಫಾರಂ ಬಂತು. ಬಲಗಡೆ, ಎಮಿಲ್ ಗೆರೆ ಎಳೆದಿದ್ದ ಜಾಗದಲ್ಲೇ, ಉಪ್ಪಿನ ಕಾಲಂ. ಅಷ್ಟರಲ್ಲಿ ಅವನು ನಿವೃತ್ತನಾಗಿದ್ದ. ಅವನ ಹೆಸರಿನ ಮುಂದಿನ ತಪ್ಪನ್ನು ಯಾರೂ ಅಳಿಸಲಿಲ್ಲ.

ವೇರಾ ಈಗಲೂ ಕ್ರಿಸ್‌ಮಸ್‌ಗೆ ತಮ್ಮನ ಮನೆಗೆ ಬರುತ್ತಾಳೆ. ಅವನ ಮನೆಗೆ ಹೊಳೆಯದಲ್ಲ, ಗುಡ್ಡದ ಸ್ವಂತ ಬಾವಿಯ ನೀರು, ಅದರಲ್ಲಿ ಯಾವ ದೋಷವೂ ಇಲ್ಲ. ಆದರೂ ಅವಳು ಕುಡಿಯುವ ನೀರನ್ನು ಬಾಟಲಿಯಲ್ಲಿ ತಂದುಕೊಳ್ಳುತ್ತಾಳೆ. ಎಮಿಲ್ ಅವಳ ಮುಂದೆ ಖಾಲಿ ಲೋಟ ತಂದಿಡುತ್ತಾನೆ.