ಕಾಶಿಯಲ್ಲಿ ಬಿಟ್ಟದ್ದು

ಹೈಸ್ಕೂಲಿನ ವಾರ್ಷಿಕೋತ್ಸವದಲ್ಲಿ ಅಪ್ಪ ಎಲ್ಲರ ಮುಂದೆ ಒಂದು ಮಾತು ಆಡಿಬಿಟ್ಟಿದ್ದ. "ನನ್ನ ಮಗಳು ಎಲ್ಲೀತನಕ ಓದ್ತೀನಿ ಅಂತಾಳೋ ಅಲ್ಲೀತನಕ ಓದಿಸ್ತೀನಿ." ಶಿಕಾರಿಪುರದಲ್ಲಿ ಭತ್ತ, ಮೆಣಸಿನಕಾಯಿಯ ಮಂಡಿ ಇಟ್ಟಿದ್ದ ಅಪ್ಪನಿಗೆ ಚಪ್ಪಾಳೆ ಎಂದರೆ ಪ್ರಾಣ. ಆ ದಿನ ಜೋರಾಗಿಯೇ ಬಿತ್ತು. ನಾನು ಎಸ್.ಎಸ್.ಎಲ್.ಸಿ.ಯನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದ ಮೇಲೆ ಆ ಚಪ್ಪಾಳೆಯೇ ಅವನ ಕುತ್ತಿಗೆಗೆ ಬಂತು. ಹೆಡ್ಮಾಸ್ತರು ದಿನಾ ಸಂಜೆ ಮಂಡಿಗೆ ಬಂದು, "ಯಾವ ಕಾಲೇಜು ಅಂತ ತೀರ್ಮಾನ ಆತೇನ್ರೀ?" ಎನ್ನುವರು. ಇತ್ತ ಸೊರಬದ ಒಂದು ಸಂಬಂಧ ಒಳಗೊಳಗೇ ಗಟ್ಟಿಯಾಗುತ್ತಿತ್ತು. ನನಗದು ಗೊತ್ತಿರಲಿಲ್ಲ.

ಅದೇ ಹೊತ್ತಿಗೆ ಅಪ್ಪನ ತಾಯಿ, ನಮ್ಮಜ್ಜಿ, ಕಾಶಿಗೆ ಹೋಗಲೇಬೇಕೆಂದು ಹಟ ಹಿಡಿದಳು. ಅಪ್ಪ, ಅವ್ವ, ಅಜ್ಜಿ, ನಾನು ಹೊರಟೆವು. ಕನ್ನಡದ ಸೀಮೆಗಳೆಲ್ಲ ಒಂದೇ ರಾಜ್ಯವಾಗಿ ಒಂದೆರಡು ವರ್ಷವಾಗಿದ್ದರೂ ನಮ್ಮೂರಿನವರಿಗೆ ಹುಬ್ಬಳ್ಳಿ ದಾಟಿದರೆ ಪರದೇಶವೇ. "ಹುಡುಗಿಗೆ ಪರದೇಶದ ಕಾಲೇಜೆಲ್ಲ ತೋರಿಸ್ಕಂಡು ಬರ್ತೀನಿ ಮೇಷ್ಟ್ರೇ. ಯಾವುದು ಬೇಕೋ ಅವಳೇ ಆರಿಸ್ಕಳ್ಳಿ" ಎಂದು ಅಪ್ಪ, ಬಸ್ಸು ಹತ್ತಿಸಲು ಬಂದಿದ್ದ ಹೆಡ್ಮಾಸ್ತರಿಗೆ, ಇಡೀ ಬಸ್ಸಿಗೆ ಕೇಳುವಂತೆ ಹೇಳಿದ.

ತೋರಿಸಿದ, ಸುಳ್ಳೇಕೆ ಹೇಳಲಿ. ಪುಣೆಯ ಒಂದು ಕಾಲೇಜಿನಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಹುಡುಗಿಯರನ್ನು ಕಂಡು ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪ್ರಯಾಗದಲ್ಲಿ ಜವಾನನೊಬ್ಬ ನಮ್ಮನ್ನು ಲೈಬ್ರರಿಯ ಬಾಗಿಲ ತನಕ ಬಿಟ್ಟ. ಒಳಗೆ ಎರಡು ಜಡೆಯ ಹುಡುಗಿಯೊಬ್ಬಳು ಏಣಿ ಹತ್ತಿ ಪುಸ್ತಕ ತೆಗೆದು, ಇಳಿಯುವುದನ್ನೂ ಮರೆತು ಏಣಿಯ ಮೇಲೆಯೇ ಓದುತ್ತ ನಿಂತಿದ್ದಳು. ಇಳಿಯೇ ಎನ್ನುವವರು ಯಾರೂ ಇರಲಿಲ್ಲ. ಹೊಟ್ಟೆಕಿಚ್ಚಿಗೆ ನನ್ನ ಕಣ್ಣಲ್ಲಿ ನೀರು ಬಂತು.

ಕಾಶಿಯ ವಿದ್ಯಾಲಯದ ಅಂಗಳದಲ್ಲಿ ಮಾವಿನ ಮರದ ಕೆಳಗೆ ಕೂತೆವು. ಅಪ್ಪ ಶೇಂಗಾ ಸುಲಿದು ನನ್ನ ಕೈಗೆ ಹಾಕುತ್ತ, ಹಿಂದೆಂದೂ ಕೇಳದ್ದನ್ನು ಕೇಳಿದ.

"ಲೋಕದಾಗೆ ಎಲ್ಲಕ್ಕಿಂತ ನಿನಗೆ ಇಷ್ಟ ಯಾವುದವ್ವಾ?"

"ಓದೋದು ಕಣಪ್ಪಾ."

"ನಿಜ ಹೇಳು."

"ನಿಜ."

ಅಪ್ಪ ಅಜ್ಜಿಯ ಮುಖ ನೋಡಿದ. ಕಾಲೇಜು ಗೊತ್ತಾಯಿತೆಂದೇ ನಾನು ತಿಳಿದೆ. ಆ ಶೇಂಗಾದಷ್ಟು ರುಚಿಯಾದದ್ದನ್ನು ಆಮೇಲೆ ನಾನು ತಿಂದಿಲ್ಲ.

ಮರುದಿನ ಬೆಳಿಗ್ಗೆ ಗಂಗೆ. ಕಾಶಿಗೆ ಹೋದವರು ತಮಗೆ ಪ್ರಿಯವಾದದ್ದೊಂದನ್ನು ಅಲ್ಲಿ ಬಿಟ್ಟು ಬರಬೇಕು, ಮತ್ತೆಂದೂ ಮುಟ್ಟಬಾರದು. ನಮ್ಮವರು ತರಕಾರಿಯನ್ನೋ ಹಣ್ಣನ್ನೋ ಬಿಡುತ್ತಾರೆ. ಅದು ವಯಸ್ಸಾದವರ ವ್ಯವಹಾರ ಎಂದುಕೊಂಡಿದ್ದೆ. ಅಜ್ಜಿ ಹಾಗಲಕಾಯಿ ಬಿಟ್ಟಳು. ಹುಟ್ಟಿದಾಗಿನಿಂದ ಅದನ್ನು ಬಾಯಿಗಿಟ್ಟವಳಲ್ಲ. ಗಂಗೆಗೇ ಟೋಪಿ ಹಾಕಿದ ಮುದುಕಿ. ಅಪ್ಪ ಬದನೆಕಾಯಿ ಬಿಟ್ಟ. ಅವ್ವ ಕಾಫಿ ಬಿಟ್ಟಳು. ನಾನು ನಗುತ್ತ ನಿಂತಿದ್ದೆ. ಕನ್ನಡ ಬಲ್ಲ ಪುರೋಹಿತ ನನ್ನ ಕಡೆ ತಿರುಗಿದ. ನಾನು ಬಾಯಿ ತೆರೆಯುವುದರೊಳಗೆ ಅಪ್ಪ ನನ್ನ ಬೊಗಸೆಗೆ ನೀರು ಹಾಕಿ, "ಇವಳದು ಓದು. ನಿನ್ನೆ ಇವಳೇ ಬಾಯಿಬಿಟ್ಟು ಹೇಳ್ಯಾಳೆ" ಎಂದ. ಅಜ್ಜಿ ನನ್ನ ಮಣಿಕಟ್ಟು ಹಿಡಿದು ಕೆಳಗೆ ಬಗ್ಗಿಸಿದಳು. ನೀರು ಹೊಳೆಗೆ ಬಿತ್ತು.

"ನಾನು ಬಿಟ್ಟಿಲ್ಲ!" ಎಂದು ಕಿರುಚಿದೆ.

"ಗಂಗಮ್ಮನ ಮುಂದೆ ಸುಳ್ಳು ಹೇಳಬ್ಯಾಡ" ಎಂದಳು, ಹಾಗಲಕಾಯಿ ಬಿಟ್ಟವಳು.

ವಾಪಸು ಬರುವಾಗ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಚುರುಮುರಿ ಕಟ್ಟಿಕೊಟ್ಟ ಕನ್ನಡ ಪೇಪರಿನ ಚೂರನ್ನು ಬಿಡಿಸಿ ಓದುತ್ತಿದ್ದೆ. ಅಪ್ಪ ಅದನ್ನೂ ಕಿತ್ತುಕೊಂಡ. "ಪೇಪರ್ ಓದಿದ್ರೂ ಓದಿದಂಗೇ. ಬಿಟ್ಟಿದ್ದನ್ನ ಮುಟ್ಟಬಾರದು."

ಊರಿಗೆ ಬಂದ ಮೇಲೆ ಹೆಡ್ಮಾಸ್ತರು ಮನೆಗೇ ಬಂದರು. ಅಪ್ಪನ ಮುಖದಲ್ಲಿ ಎಷ್ಟು ವಿಷಾದವಿತ್ತೆಂದರೆ ನಾನೇ ಒಂದು ಕ್ಷಣ ನಂಬಿದೆ. "ನಾನು ಓದಿಸೋನೇ ಇದ್ದೆ ಮೇಷ್ಟ್ರೇ. ಅವಳೇ ಓದನ್ನ ಕಾಶಿಯಾಗೆ ಬಿಟ್ಟು ಬಂದಾಳೆ. ಗಂಗಮ್ಮನ್ನ ವಾಪಸ್ ಕೊಡು ಅನ್ನಾಕಾಗ್ತೈತೇನ್ರೀ?" ಆ ಪುಣ್ಯಾತ್ಮರು ನನ್ನತ್ತ ತಿರುಗಿ ಕೈ ಮುಗಿದರು. "ದೊಡ್ಡ ತ್ಯಾಗ ಮಾಡಿದೆ ತಾಯಿ" ಎಂದರು. ಅಪ್ಪನಿಗಿಂತ ಆ ಮುಗಿದ ಕೈಗಳ ಮೇಲೆ ನನಗೆ ಹೆಚ್ಚು ಸಿಟ್ಟು ಬಂತು, ಈಗಲೂ ಇಳಿದಿಲ್ಲ.

ಸೊರಬಕ್ಕೆ ಮದುವೆಯಾಯಿತು. ಮೊದಲ ದೀಪಾವಳಿಗೆ ತವರಿಗೆ ಬಂದಾಗ ಅಪ್ಪನ ತಟ್ಟೆಯಲ್ಲಿ ಬದನೆಕಾಯಿ ಎಣ್ಣೆಗಾಯಿ ಇತ್ತು. ನಾನು ನೋಡಿದ್ದನ್ನು ನೋಡಿ, "ನಾನು ಬಿಟ್ಟಿದ್ದು ಪಲ್ಯ. ಎಣ್ಣೆಗಾಯಿ ಬ್ಯಾರೆ" ಎಂದು ರೊಟ್ಟಿ ಮುರಿದ. ಅವ್ವ ಮಾತ್ರ ಸಾಯುವ ತನಕ ಕಾಫಿ ಮುಟ್ಟಲಿಲ್ಲ. ಸೊರಬದಲ್ಲಿ ನನ್ನ ಕಾವಲಿಗೆ ಯಾರೂ ಇರಲಿಲ್ಲ. ಗಂಡ ತರಿಸುತ್ತಿದ್ದ ಪೇಪರನ್ನು ಹಿತ್ತಲಲ್ಲಿ ಕೂತು ಜಾಹೀರಾತನ್ನೂ ಬಿಡದೆ ಓದುತ್ತಿದ್ದೆ. ಕಾಲೇಜಂತೂ ಹೋಗಿತ್ತು.

ಎಷ್ಟೋ ವರ್ಷಗಳ ಮೇಲೆ ಅಪ್ಪನ ಕಣ್ಣು ಹೋದವು. ಅವ್ವ ತೀರಿಕೊಂಡಿದ್ದಳು, ಮಂಡಿ ಮುಚ್ಚಿತ್ತು. ನನ್ನ ಮನೆಗೇ ಬಂದ. ಮೊದಲ ದಿನ ಬೆಳಿಗ್ಗೆ ಜಗುಲಿಯ ಮೇಲೆ ಪೇಪರು ಬಿದ್ದ ಸದ್ದು ಕೇಳಿ ಅವನ ಮುಖ ಅರಳಿತು.

"ಏನು ಸುದ್ದಿ ಐತೆ, ಒಂದೀಟು ಓದಿ ಹೇಳವ್ವಾ."

"ಓದು ಕಾಶಿಯಾಗೆ ಬಿಟ್ಟೀನಲ್ಲಪ್ಪಾ."

"ಅಯ್ಯ, ಪೇಪರ್ ಓದಿದ್ರೆ ಏನಾಗ್ತೈತೆ?"

"ಪೇಪರ್ ಓದಿದ್ರೂ ಓದಿದಂಗೇ. ನೀನೇ ಹೇಳಿದ್ದು."

ಅವನು ಮತ್ತೆ ಕೇಳಲಿಲ್ಲ. ಅಂದಿನಿಂದ ನಾನು ಹಿತ್ತಲಿಗೆ ಹೋಗುವುದನ್ನು ಬಿಟ್ಟೆ. ಪ್ರತಿ ಬೆಳಿಗ್ಗೆ ಅಪ್ಪನ ಎದುರಿಗೇ ಕುರ್ಚಿ ಹಾಕಿಕೊಂಡು, ಒಂದು ಮಾತೂ ಆಡದೆ, ಪುಟ ತಿರುವುವ ಸದ್ದು ಅವನಿಗೆ ಚೆನ್ನಾಗಿ ಕೇಳುವ ಹಾಗೆ, ಪೇಪರನ್ನು ಪೂರ್ತಿ ಓದುತ್ತಿದ್ದೆ. ಅಪ್ಪ ಆ ಸದ್ದಿನ ಕಡೆಗೇ ಮುಖ ಮಾಡಿಕೊಂಡು ಕೂತಿರುತ್ತಿದ್ದ.