ಮದ್ರಾಸಿನ ಭಾಗಾಕಾರ

ಯಾರಾದರೂ "ಮುಟ್ಟಬೇಡಿ" ಎಂದರೆ ನನ್ನ ಕೈ ತುರಿಸುತ್ತದೆ. ಇದು ಗುಣವಲ್ಲ, ಚಾಳಿ ಎಂದು ನನಗೂ ಗೊತ್ತು. ಕುರುಗೋಡಿನ ನಮ್ಮ ಮನೆಯಲ್ಲಿ ಅಪ್ಪನ ಗೋಡೆ ಗಡಿಯಾರವನ್ನು ಬಿಚ್ಚಿ, ಮತ್ತೆ ಜೋಡಿಸುವಾಗ ಒಂದು ಸ್ಕ್ರೂ ಉಳಿಸಿದವಳು ನಾನೇ. ಗಡಿಯಾರವೇನೋ ನಡೆಯಿತು. ಅಪ್ಪ ಮಾತ್ರ ಅದನ್ನು ನಂಬುವುದು ಬಿಟ್ಟು, ಸಂಜೆ ಬಸ್ಸಿನ ಹಾರ್ನ್ ಕೇಳಿ ಹೊತ್ತು ತಿಳಿಯತೊಡಗಿದರು.

ಎಂಬತ್ತರ ದಶಕದ ನಡುವೆ ನಾನು ಬಳ್ಳಾರಿಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಗಣಿತ ಹೇಳುತ್ತಿದ್ದೆ. ಅಲ್ಲಿಗೆ ಕಂಪ್ಯೂಟರ್ ಬಂತು. ಬಿಸಿಲಿಗೆ ನಾವು ಬೆಂದರೂ ಫ್ಯಾನು ರಿಪೇರಿ ಮಾಡಿಸದ ಆಡಳಿತ ಮಂಡಳಿ ಅದಕ್ಕೆ ಏಸಿ ಹಾಕಿಸಿತು. ಚಪ್ಪಲಿ ಹೊರಗೆ ಬಿಟ್ಟು, ದೂರ ನಿಂತು ನೋಡಿ ಬರಬೇಕು.

ಅದೇ ವರ್ಷ ನಮ್ಮ ಜಿಲ್ಲೆಯದೇ ಆದ ಕರೂರಿನ ರೈತರು ಹೊಸ ಹೊಲಗಾಲುವೆ ತೋಡುವ ಮೊದಲು ನೆಲದ ಏರಿಳಿತದ ಲೆಕ್ಕ ಮಾಡಿಕೊಡಿ ಎಂದು ನಮ್ಮನ್ನು ಕೇಳಿಕೊಂಡರು. ಅಳತೆ ಮಾಡಿದವರು ಆ ಊರಿನವರೇ ಆದ ನಿವೃತ್ತ ಸರ್ವೇಯರ್ ಈರಣ್ಣನವರು. ನೀರು ಕೊನೆಯ ಗದ್ದೆಯವರೆಗೂ ಹರಿಯುತ್ತದೆ ಎಂದು ಅವರ ಪೆನ್ಸಿಲ್ ಹೇಳಿತ್ತು. ಅದೇ ಅಳತೆಗಳನ್ನು ಹಾಕಿದರೆ ಕಂಪ್ಯೂಟರ್ ಒಪ್ಪಲಿಲ್ಲ. ಅರ್ಧ ದಾರಿಯಲ್ಲಿ ದಿಬ್ಬವಿದೆ, ನೀರು ಅಲ್ಲೇ ನಿಲ್ಲುತ್ತದೆ ಎಂದಿತು. ಹಾಗಾದರೆ ಆಚೆಗಿನ ಹನ್ನೊಂದು ಮನೆಯವರ ಗದ್ದೆಗಳನ್ನು ಕೈಬಿಡಬೇಕು.

"ಮಷೀನು ಸುಳ್ಳು ಹೇಳಂಗಿಲ್ರಿ ಈರಣ್ಣನವ್ರೆ. ನಿಮಗ ವಯಸ್ಸಾತು," ಎಂದರು ಪ್ರಿನ್ಸಿಪಾಲರು.

ಈರಣ್ಣನವರು ದನಿ ಏರಿಸಲಿಲ್ಲ. "ಸಾರ್, ಮಳಿ ಬಂದ್ರ ಆ ಜಾಗದಾಗ ಮೊಳಕಾಲುಮಟ ನೀರು ನಿಲ್ತೈತಿ. ದಿಬ್ಬದ ಮ್ಯಾಲ ನೀರು ನಿಲ್ತೈತೇನ್ರಿ?"

ಕೈ ತುರಿಸಿದ್ದು ಆಗಲೇ. "ಇದರ ಲೈಬ್ರರಿ ಬಿಚ್ಚಿ ನೋಡಬೇಕ್ರಿ ಸಾರ್," ಎಂದೆ.

"ಲೈಬ್ರರಿ ಮ್ಯಾಲಿನ ಮಹಡ್ಯಾಗ ಐತಲ್ರಿ!" ಎಂದರು ಪ್ರಿನ್ಸಿಪಾಲರು.

ಕಂಪ್ಯೂಟರಿನ ಹೊಟ್ಟೆಯಲ್ಲೂ ಒಂದು ಲೈಬ್ರರಿ ಇರುತ್ತದೆ, ಅಲ್ಲಿ ಪುಸ್ತಕಗಳಿರುವುದಿಲ್ಲ. ಕೂಡುವುದು, ಭಾಗಿಸುವುದು ಹೇಗೆಂಬ ಸಣ್ಣ ಸಣ್ಣ ಆದೇಶಗಳ ಕಟ್ಟುಗಳಿರುತ್ತವೆ, ಮೇಲಿನ ಪ್ರೋಗ್ರಾಮುಗಳೆಲ್ಲ ಅಲ್ಲಿಂದಲೇ ಕಡ ತರುತ್ತವೆ ಎಂದು ವಿವರಿಸಿದೆ. "ಎಲ್ಲಾದರ ಕೆಳಗ ಇರೋದು, ಲೋ ಲೆವೆಲ್ ಲೈಬ್ರರಿ," ಎಂದೆ.

"ಲೋ ಲೆವೆಲ್ ಅಂದ್ರ ನಮ್ಮ ಡ್ಯಾಮಿನ ಲೋ ಲೆವೆಲ್ ಕಾಲುವಿ ಇದ್ದಂಗೇನ್ರಿ?" ಎಂದರು ಈರಣ್ಣನವರು. ಅದಕ್ಕಿಂತ ಚೆನ್ನಾಗಿ ನಾನು ಯಾವ ತರಗತಿಯಲ್ಲೂ ವಿವರಿಸಿಲ್ಲ. ಕಾಲುವೆ ಕೆಟ್ಟರೆ ಎಲ್ಲ ತೂಬುಗಳಲ್ಲೂ ಕೆಟ್ಟದ್ದೇ ಬರುತ್ತದೆ.

ಆ ಲೈಬ್ರರಿಯ ಮೂಲ ಬರಹ ಕಾಗದದ ದಪ್ಪ ಕಟ್ಟಾಗಿ ಮಷೀನಿನ ಜೊತೆಗೇ ಬಂದಿತ್ತು. ಜವಾನ ಅದರ ಮೇಲೆ ನೀರಿನ ಮಡಕೆ ಇಟ್ಟಿದ್ದ. ಸರ್ವಿಸಿಗೆ ಬಂದ ಕಂಪನಿಯ ಮನುಷ್ಯ ನನ್ನನ್ನು ತಡೆದ. "ಮೇಡಂಗಾರೂ, ಅದನ್ನೆಲ್ಲ ಮದ್ರಾಸಲ್ಲೇ ಟೆಸ್ಟ್ ಮಾಡಿದಾರೆ. ಮುಟ್ಟಬೇಡಿ."

"ನಮ್ಮ ಬಳ್ಳಾರಿ ಮದ್ರಾಸು ರಾಜ್ಯ ಬಿಟ್ಟು ಬಂದು ಭಾಳ ವರ್ಷ ಆತ್ರಿ," ಎಂದೆ.

ತಪ್ಪು ಸಿಕ್ಕರೆ ತಿದ್ದಲು ಬರಲಿ ಎಂದು ಬೇಸಿಗೆ ರಜೆಯಿಡೀ ಆ ಕಟ್ಟನ್ನು ಒಂದೊಂದೇ ಸಾಲು ಟೈಪು ಮಾಡಿದೆ. ನನ್ನ ಹಟದಲ್ಲಿ ಏಸಿಯ ಪಾಲೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಮಷೀನಿಗೆ ಅಷ್ಟನ್ನೂ ತನ್ನ ಭಾಷೆಗೆ ತಿರುಗಿಸಲು ಅರ್ಧ ಗಂಟೆ ಬೇಕು; ಇಪ್ಪತ್ತೈದನೇ ನಿಮಿಷಕ್ಕೆ ಕರೆಂಟು ಹೋಗುತ್ತದೆ. ಒಂದು ಕಾಮಾ ಬಿಟ್ಟಿದ್ದಕ್ಕೆ ಪರದೆ ತುಂಬ ತಪ್ಪುಗಳು. ಅಂತೂ ಒಂದು ದಿನ ಲೈಬ್ರರಿ ಎದ್ದು ನಿಂತಿತು.

ಆಮೇಲೆ ಪರೀಕ್ಷೆ. ನಾನು ಲೆಕ್ಕ ಹೇಳುವುದು, ಈರಣ್ಣನವರು ಬಾಯಲ್ಲಿ, ಮಷೀನು ಪರದೆಯಲ್ಲಿ ಉತ್ತರ ಕೊಡುವುದು. ಕೂಡುವುದು, ಕಳೆಯುವುದು, ಗುಣಿಸುವುದು ಎಲ್ಲ ಸರಿ. ಭಾಗಾಕಾರಕ್ಕೆ ಬಂದೆವು. "ಮೈನಸ್ ಮೂರನ್ನ ನಾಕರಿಂದ ಭಾಗಿಸ್ರಿ," ಎಂದೆ.

"ಮೈನಸ್ ಮುಕ್ಕಾಲು."

ಪರದೆಯ ಮೇಲೆ ಬರೀ ಮುಕ್ಕಾಲು. ಮೈನಸ್ಸೇ ಇಲ್ಲ.

ಕಾಗದದ ಕಟ್ಟಿನಲ್ಲಿ ಆ ಜಾಗ ಹುಡುಕಿದೆ. ಮೈನಸ್ ಚಿಹ್ನೆಯನ್ನು ಪಕ್ಕಕ್ಕೆ ತೆಗೆದಿಟ್ಟು, ಭಾಗಿಸಿ, ಕೊನೆಗೆ ಮತ್ತೆ ಹಚ್ಚಬೇಕು. ಆದರೆ ಉತ್ತರ ಒಂದಕ್ಕಿಂತ ಚಿಕ್ಕದಾದರೆ ಲೆಕ್ಕ ಅದನ್ನು ಹಚ್ಚದೆಯೇ ಹೊರಗೆ ಜಿಗಿಯುತ್ತಿತ್ತು. ನೆಲದ ಲೆಕ್ಕದಲ್ಲಿ ಏರು ಪ್ಲಸ್, ತಗ್ಗು ಮೈನಸ್; ಹಾಗಾಗಿ ದೊಡ್ಡ ತಗ್ಗುಗಳು ತಗ್ಗುಗಳಾಗಿಯೇ ಉಳಿದು, ಸಣ್ಣ ತಗ್ಗುಗಳೆಲ್ಲ ದಿಬ್ಬವಾಗಿದ್ದವು. ಒಂದು ಸಾಲು ತಿದ್ದಿ ಇಡೀ ಲೈಬ್ರರಿಯನ್ನು ಮತ್ತೆ ಕಟ್ಟಿ, ಮೊದಲಿನಿಂದ ಎಲ್ಲ ಪರೀಕ್ಷೆಗಳನ್ನೂ ಮಾಡಿದೆವು. ದಿಬ್ಬ ಮಾಯವಾಯಿತು.

"ಕಂಪನಿ ಒಪ್ಪಿಗಿ ಇಲ್ದ ಹೆಂಗ್ರಿ ಮೇಡಂ?" ಎಂದು ಪ್ರಿನ್ಸಿಪಾಲರು ತಲೆ ಕೆರೆದುಕೊಂಡರು. ತಪ್ಪಾದರೆ ನೌಕರಿ ಬಿಡುತ್ತೇನೆ ಎಂದು ಬರೆದು ಸಹಿ ಹಾಕಿಕೊಟ್ಟೆ. ಸಹಿ ಎಂದಿಗಿಂತ ದುಂಡಗೆ ಬಂತು. ಕಾಲುವೆ ಕೊನೆಯವರೆಗೂ ಹೋಯಿತು. ಹನ್ನೊಂದು ಮನೆಯವರೂ ನಾಟಿ ಮಾಡಿದರು. ಯಾರನ್ನು ಕೇಳಿ ಬಿಚ್ಚಿದಿರಿ ಎಂದು ಕಂಪನಿಯಿಂದ ಕಾಗದ ಬಂದಾಗ, ತಿದ್ದಿದ ಸಾಲನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸಿದೆ. ಮತ್ತೇನನ್ನೂ ಬರೆಯಲಿಲ್ಲ.

ಆದರೆ ಧೈರ್ಯ ಎಂದಾಗ ನನಗೆ ನೆನಪಾಗುವುದು ನನ್ನ ಸಹಿಯಲ್ಲ. ಮಷೀನಿನ ಉತ್ತರ ಈರಣ್ಣನವರ ಉತ್ತರಕ್ಕೆ ತಾಳೆಯಾದ ಆ ಮಧ್ಯಾಹ್ನ ನಾನು ಚಪ್ಪಾಳೆ ತಟ್ಟಿದೆ. ಅವರು ಹೊಸ ಹಾಳೆ ತೆಗೆದು ಮೊದಲಿನಿಂದ ಲೆಕ್ಕ ಹಾಕಲು ಕುಳಿತರು.

"ಇನ್ನ್ಯಾಕ್ರಿ? ಎರಡೂ ಒಂದಾ ಬಂದ್ವಲ್ಲ."

ತಲೆ ಎತ್ತದೆ ಹೇಳಿದರು: "ಇಬ್ರೂ ಕೂಡೇ ತಪ್ಪಿದ್ರ, ಮೇಡಮ್ಮಾರ?"

ನಾನೂ ಒಂದು ಪೆನ್ಸಿಲ್ ಚೂಪು ಮಾಡಿಕೊಂಡು ಅವರ ಎದುರು ಕುಳಿತೆ.