ಬುರುಡೆಯ ತಗಡು, ಜಾಲಿಯ ಮುಳ್ಳು

ನನ್ನ ಮೊಮ್ಮಗಳು ನಡೆಯಲು ಕಲಿತಿದ್ದಾಳೆ. ಎರಡನೆಯ ಇಯತ್ತೆಗೆ ಸಾಲೆ ಬಿಟ್ಟ ನನಗೆ ಈ ಸಂತೋಷವನ್ನು ಬರೆಯಲು ಬಾರದು. ಅವಳ ಅಪ್ಪ ನನ್ನ ಹೊಟ್ಟೆಯಲ್ಲಿದ್ದಾಗಿನ ಒಂದು ಸಂಗತಿಯನ್ನಾದರೂ ಬರೆಯುತ್ತೇನೆ.

ಆಗ ಕೊಣ್ಣೂರಿನಲ್ಲಿ ನಮ್ಮ ಮನೆಯೆದುರು ಕರೆಂಟಿನ ಕಂಬ ನಿಂತಿತು. ಕಂಬಕ್ಕೊಂದು ಕಬ್ಬಿಣದ ಪೆಟ್ಟಿಗೆ. ಅದರ ಮೇಲೆ ಕೆಂಪು ತಗಡು, ತಗಡಿನಲ್ಲಿ ತಲೆಬುರುಡೆ, ಎರಡು ಎಲುಬು. ಮುಖ ನೇರ ನಮ್ಮ ಬಾಗಿಲಿಗೆ.

"ಬಸುರಿ ಇದ್ದ ಮನೀಗೇ ಯಾಕ ಮುಖ ಮಾಡೇತಿ?" ಎಂದರು ನನ್ನ ಅತ್ತೆ. "ಬಾಜೂ ಮನಿಯಾಕಿ ನಿನ್ನೆ ಮಿಸ್ತ್ರಿಗೆ ಚಹಾ ಕೊಟ್ಟಾಳ. ಪುಕ್ಕಟ ಚಹಾ ಕೊಡಾಕಿ ಅಲ್ಲ ಆಕಿ."

ಮಾಟವೇ ಇರಬೇಕೆಂದು ನನಗೂ ಅನಿಸಿತು. ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡೆ.

ಕಂಬದ ಮಿಸ್ತ್ರಿ ವಯಸ್ಸಾದ ಸಾಬರು. ಅತ್ತೆ ಅವರನ್ನು ತಡೆದು ಕೇಳಿದರು.

"ಮುಟ್ಟಬ್ಯಾಡ್ರಿ ಅಂತ ಹಚ್ಚೇವ್ರಿ ಅವ್ವಾರ. ಮುಟ್ಟಿದ್ರ ಜೀವ ಹೋಗತೈತಿ."

"ಯಾರ ಬುರುಡಿ ಅದು?"

"ಯಾರದೂ ಅಲ್ರಿ. ಚಿತ್ರ."

"ಅಂದ್ರ ಹೆಸರು ಮುಚ್ಚಿಡಾಕತ್ತಿ."

ಮಿಸ್ತ್ರಿ ಹಣೆ ಒರೆಸಿಕೊಂಡು ಹೋದರು. "ನೋಡಿದಿ? ಬೆವತಾನ," ಎಂದರು ಅತ್ತೆ.

ಮರುದಿನ ಅತ್ತೆ ಮಿಂದು, ತಾಮ್ರದ ತಂಬಿಗೆಯಲ್ಲಿ ನೀರು ತುಂಬಿಟ್ಟು, ಲಿಂಗಪೂಜೆಗೆ ಕೂತರು. ಪೂಜೆ ಮುಗಿದೊಡನೆ ಪೆಟ್ಟಿಗೆ ತೊಳೆದು ಬುರುಡೆಗೆ ವಿಭೂತಿ ಬಳಿಯುವ ಎಣಿಕೆ. ಮಿಸ್ತ್ರಿಯನ್ನು ನಾನೂ ನಂಬಿರಲಿಲ್ಲ. ಆದರೆ ಅವರು ತಮ್ಮ ಚೀಲವನ್ನು ಕೂಡ ಆ ಪೆಟ್ಟಿಗೆಗೆ ತಾಗದಂತೆ ಹಿಡಿದದ್ದನ್ನು ಕಂಡಿದ್ದೆ. ಸುಳ್ಳು ಹೇಳುವವರು ಅಷ್ಟು ದೂರ ನಿಲ್ಲುವುದೇಕೆ?

ಸೊಸೆ ಹೇಳಿದರೆ ಅತ್ತೆ ಕೇಳುವವರಲ್ಲ. ನಮ್ಮ ಕಡೆ ಬಾವಿಯ ಅಂಚು ಕುಸಿದರೆ ಜಾಲಿಯ ಟೊಂಗೆ ಕಡಿದು ಅಡ್ಡ ಹಾಕುತ್ತಾರೆ. ಕಂಡವರು ಯಾಕೆಂದು ಕೇಳದೆ ಸುತ್ತಿ ಹೋಗುತ್ತಾರೆ. ನಾನು ಬೇಲಿಯಿಂದ ಎರಡು ಟೊಂಗೆ ಎಳೆದು ತಂದು ಕಂಬದ ಸುತ್ತ ಹಾಕಿದೆ.

ತಂಬಿಗೆ ಹಿಡಿದು ಬಂದ ಅತ್ತೆ ಮುಳ್ಳಿನ ಮುಂದೆ ನಿಂತರು.

"ಯಾರು ಹಾಕ್ಯಾರ ಇದನ್ನ?"

"ಗೊತ್ತಿಲ್ರಿ ಅತ್ತಿ."

ಹುಬ್ಬು ಗಂಟಿಕ್ಕಿ ಬಹಳ ಹೊತ್ತು ನೋಡಿದರು. "ಮುಳ್ಳು ಹಾಕ್ಯಾರಂದ್ರ ಏನರ ಇರಬೇಕು," ಎಂದು ನೀರನ್ನು ನಮ್ಮ ಹೊಸ್ತಿಲಿಗೆ ಸುರಿದು ಒಳಗೆ ಹೋದರು. ಆ ಚಹಾದ ಸಂಶಯವನ್ನು ಮಾತ್ರ ಸಾಯುವತನಕ ಬಿಡಲಿಲ್ಲ.

ಈಗ ನಮ್ಮ ಹೊಲದ ಮೋಟಾರಿನ ಪೆಟ್ಟಿಗೆಯ ಮೇಲೂ ಅಂಥದೇ ಬುರುಡೆ. ಅದು ಹಲ್ಲು ಕಿರಿದದ್ದನ್ನು ಕಂಡು ಮೊಮ್ಮಗಳೂ ತನ್ನ ನಾಲ್ಕು ಹಲ್ಲು ತೋರಿಸಿ ನಗುತ್ತ ಕೈ ಚಾಚಿದಳು. ಎತ್ತಿ ಎದೆಗೊತ್ತಿಕೊಂಡೆ. ಅಂದೇ ಮಗನಿಂದ ಜಾಲಿಯ ಟೊಂಗೆ ತರಿಸಿ ಅಡ್ಡ ಹಾಕಿಸಿದೆ. ನಿನ್ನೆ ಆ ಮುಳ್ಳಿನ ಮುಂದೆ ಬಂದವಳು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು ನಿಂತಳು, ನಮ್ಮ ಅತ್ತೆಯ ಹಾಗೆಯೇ ಹುಬ್ಬು ಗಂಟಿಕ್ಕಿ.